ಗೋಕರ್ಣದ ಕಡಲಂಚು: ಗದ್ದೆ ರೂಮಾದ ಚರಿತ್ರೆ ಹುಡುಕುವ ಬಗೆ

ಗೋಕರ್ಣದ ಬಗ್ಗೆ ಬರೆಯುವವರು ಮಹಾಬಲೇಶ್ವರನಿಂದ ಶುರುಮಾಡಿ ನೇರ ವಿದೇಶಿಯರ ಗುಡಿಸಲಿಗೆ ಹಾರುತ್ತಾರೆ. ನಡುವಿನ ಗದ್ದೆ, ತೆಂಗಿನ ತೋಟ ಯಾರ ಕಣ್ಣಿಗೂ ಬೀಳುವುದಿಲ್ಲ. ಕುಡ್ಲೆ, ಓಂ ಬೀಚ್‌ಗಳ ಬೆಳವಣಿಗೆಯನ್ನು ನಾನು ಹಿಡಿದದ್ದು ಜಮೀನಿನ ಕಾಗದಗಳಿಂದ.

ಗ್ರಾಮನಕ್ಷೆಯಲ್ಲಿ ಕಡಲಿಗೆ ತಾಗಿದ ಸರ್ವೆ ನಂಬರುಗಳನ್ನು ಗುರುತಿಸಿಕೊಂಡು ಒಂದೊಂದರ ಪಹಣಿ (ಜಮೀನಿನ ಹಕ್ಕುದಾಖಲೆ) ತೆಗೆಸಬೇಕು. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ರಲ್ಲಿ ಜಮೀನು ಅವರಿಗೆ ಬಂದ ಬಗೆ. ಕಂಪ್ಯೂಟರ್ ಪಹಣಿ 2000ದ ಆಸುಪಾಸಿಗೇ ನಿಲ್ಲುತ್ತದೆ. ಹಿಂದಿನದಕ್ಕೆ ರೆಕಾರ್ಡ್ ರೂಮಿನ ಕೈಬರಹದ ಪ್ರತಿಗಳೇ ಗತಿ. ಸರ್ವೆ ನಂಬರಿನೊಳಗಿನ ಹಿಸ್ಸೆಗಳ, ಅಂದರೆ ಪಾಲುಗಳ, ಗುಂಟೆ ಕೂಡಿಸಿದಾಗ ಅದರ ಒಟ್ಟು ವಿಸ್ತೀರ್ಣ ಹೇಳುವ ಆಕಾರಬಂದ್‌ನ ಮೊತ್ತಕ್ಕೆ ತಾಳೆಯಾಗದಿದ್ದರೆ ಯಾವುದೋ ಹಿಸ್ಸೆ ಬಿಟ್ಟುಹೋಗಿದೆ ಎಂದರ್ಥ.

1974ರ ಭೂಸುಧಾರಣೆಯ ಪುಟಗಳಲ್ಲಿ ಮಾತ್ರ ಅವಸರ ಬೇಡ. ಆ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಗೇಣಿದಾರರು ಅದನ್ನು ತಮ್ಮ ಹೆಸರಿಗೆ ಕೇಳಿ ಫಾರಂ 7ರ ಅರ್ಜಿ ಕೊಟ್ಟರು. ಒಡೆಯರ ಹೆಸರು ಹೋಗಿ ಉಳುವವರ ಹೆಸರು ಕೂತಿದ್ದರೆ, ಮುಂದೆ ಅಲ್ಲಿ ಎದ್ದ ಗುಡಿಸಲು ಸ್ವಂತ ನೆಲದ್ದು. ಪ್ರವಾಸೋದ್ಯಮದ ದುಡ್ಡು ಯಾರ ಮನೆಗೆ ಹೋಯಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವಿಲ್ಲ.

ಭೂಪರಿವರ್ತನೆಯ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬಿಡುವ) ಆದೇಶದ ತಾರೀಖನ್ನೇ ಕಟ್ಟಡದ ತಾರೀಖು ಎಂದುಕೊಳ್ಳಬೇಡಿ. ಕಟ್ಟಿ ಆದಮೇಲೆ ಅರ್ಜಿ ಹಾಕುವುದು ನಮ್ಮಲ್ಲಿ ಹೊಸದೇನಲ್ಲ. ಪಂಚಾಯತಿಯ ಮನೆ ತೆರಿಗೆ ರಿಜಿಸ್ಟರು, ಕರೆಂಟ್ ಮೀಟರಿನ ತಾರೀಖು ಎರಡನ್ನೂ ಎದುರಿಗಿಟ್ಟು ನೋಡಬೇಕು.

ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳಲ್ಲಿ ಜನವರಿಯಿಂದ ಮಾರ್ಚ್‌ವರೆಗಿನವು ಸಾಕು. ಮಳೆಗಾಲಕ್ಕೆ ಮೋಡ ಒಂದು ಕಡೆ, ಮಡಲಿನ (ಹೆಣೆದ ತೆಂಗಿನ ಗರಿಯ) ಗುಡಿಸಲು ಬಿಚ್ಚಿಡುವುದು ಇನ್ನೊಂದು ಕಡೆ. ತೆಂಗಿನ ನೆರಳಲ್ಲಿರುವ ಮಾಡು (ಚಾವಣಿ) ಚಿತ್ರದಲ್ಲಿ ಬೀಳುವುದೇ ಇಲ್ಲ, ಹಾಗಾಗಿ ಎಣಿಕೆ ಯಾವಾಗಲೂ ಕಡಿಮೆಯೇ. ಒಂದು ಚಿತ್ರ ಭರತದ ಹೊತ್ತಿನದು, ಇನ್ನೊಂದು ಇಳಿತದ್ದಾದರೆ ದಂಡೆ ಕೊರೆದುಹೋದಂತೆ ಕಾಣುತ್ತದೆ. ನೀರಿನ ಗೆರೆ ಬಿಟ್ಟು ಗಿಡಗಂಟಿಯ ಗೆರೆಯಿಂದ ಅಳೆಯಿರಿ.

ಹಿರಿಯರನ್ನು "ಯಾವ ಇಸವಿ" ಎಂದು ಕೇಳಿ ಪ್ರಯೋಜನವಿಲ್ಲ. "ರೈಲು ಬರುವ ಮುಂಚೆಯೋ, ಆಮೇಲೋ" ಎಂದರೆ ಉತ್ತರ ಬರುತ್ತದೆ. ಕೊಂಕಣ ರೈಲ್ವೆ ಪೂರ್ತಿ ಓಡತೊಡಗಿದ್ದು 1998ರ ಜನವರಿ 26ರಂದು. ಹಳಿ ಹಾಕುತ್ತಿದ್ದ ವರ್ಷಗಳನ್ನೂ ಕೆಲವರು "ರೈಲು ಬಂದಾಗ" ಎನ್ನುವುದರಿಂದ, ಗಾಡಿ ಓಡುತ್ತಿತ್ತೇ ಎಂದು ಮರುಪ್ರಶ್ನೆ ಹಾಕಲೇಬೇಕು.

1862ರಿಂದ 1956ರವರೆಗೆ ಗೋಕರ್ಣವಿರುವ ಉತ್ತರ ಕನ್ನಡ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. ಹಳೆಯ ಗೆಜೆಟಿಯರ್ ಬೇಕಾದರೆ ಮುಂಬೈ ಪ್ರೆಸಿಡೆನ್ಸಿಯ 1883ರ ಕೆನರಾ ಸಂಪುಟ ನೋಡಿ, ಮೈಸೂರಿನದನ್ನಲ್ಲ.

ಇನ್ನು ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. 1991ರ ಫೆಬ್ರವರಿಯ ಅಧಿಸೂಚನೆ ಭರತರೇಖೆಯಿಂದ (ಉಬ್ಬರದ ನೀರು ಏರುವ ಗೆರೆಯಿಂದ) 500 ಮೀಟರ್ ನೆಲವನ್ನು ನಿಯಮದಡಿ ತಂದು, ಹಳ್ಳಿಗಾಡಿನ ದಂಡೆಯ ಮೊದಲ 200 ಮೀಟರ್‌ನಲ್ಲಿ ಹೊಸ ಕಟ್ಟಡ ತಡೆಯಿತು. ದಂಡೆಯಂಚಿನಲ್ಲಿ ಅಷ್ಟು ವರ್ಷ ಮಡಲಿನ ಮಾಡೇ ಉಳಿದದ್ದಕ್ಕೆ ಬಡತನವೊಂದನ್ನೇ ಕಾರಣ ಮಾಡುವ ಮೊದಲು ಈ ಗೆರೆಯನ್ನು ನಕ್ಷೆಯ ಮೇಲೆ ಎಳೆದು ನೋಡುವುದು ಒಳ್ಳೆಯದು.