ಗೃಹಸಾಲ ತೀರಿತು, ಮನೆಯ ಪತ್ರ ಬಿಡಿಸಿಕೊಳ್ಳುವುದು ಹೇಗೆ?

ಕೊನೆಯ ಕಂತು ಕಟ್ಟಿ, ಬ್ಯಾಂಕಿನಿಂದ ಕ್ರಯಪತ್ರ ತಂದು ಬೀರುವಿನಲ್ಲಿಟ್ಟರೆ ಎಲ್ಲ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆಸ್ತಿಯ ಮೇಲೆ ಬ್ಯಾಂಕಿಗಿದ್ದ ಹಕ್ಕು ಸರ್ಕಾರಿ ದಾಖಲೆಗಳಲ್ಲಿ ಆಗಲೂ ಉಳಿದಿರಬಹುದು. ಎಷ್ಟೋ ವರ್ಷಗಳ ನಂತರ ಮನೆ ಮಾರಲು ಹೊರಟಾಗ ಋಣಭಾರ ಪ್ರಮಾಣಪತ್ರದಲ್ಲಿ, ಅಂದರೆ ಇ.ಸಿ.ಯಲ್ಲಿ, ಹಳೆಯ ಅಡಮಾನ ಕಾಣಿಸುತ್ತದೆ, ಕೊಳ್ಳುವವರು ಹಿಂಜರಿಯುತ್ತಾರೆ. ಅಷ್ಟು ಹೊತ್ತಿಗೆ ಸಾಲ ಕೊಟ್ಟ ಬ್ಯಾಂಕೇ ಇನ್ನೊಂದರಲ್ಲಿ ವಿಲೀನವಾಗಿದ್ದರೆ ಅಲೆದಾಟ ಇನ್ನೂ ಹೆಚ್ಚು. ಸಾಲ ತೀರಿದ ತಿಂಗಳಲ್ಲೇ ಈ ಕೆಲಸ ಮುಗಿಸಿಬಿಡಿ.

ಕೊನೆಯ ಹಣ ಕಟ್ಟುವ ಮೊದಲು, ಆ ದಿನಾಂಕಕ್ಕೆ ಒಟ್ಟು ಬಾಕಿ ಎಷ್ಟು ಎಂಬ ಲೆಕ್ಕಪಟ್ಟಿಯನ್ನು ಬರಹದಲ್ಲಿ ಪಡೆಯಿರಿ. ಕೆಲವೇ ರೂಪಾಯಿ ಬಡ್ಡಿ ಉಳಿದರೂ ಖಾತೆ ಮುಚ್ಚುವುದಿಲ್ಲ. ಹಣ ಕಟ್ಟಿದ ಮೇಲೆ ಖಾತೆ ಮುಚ್ಚಿ, ಮೂಲ ದಾಖಲೆಗಳನ್ನು ಹಿಂದಿರುಗಿಸಿ, ಅಡಮಾನವನ್ನು ಎಲ್ಲ ದಾಖಲೆಗಳಿಂದ ತೆಗೆಸಿಕೊಡಿ ಎಂದು ಅರ್ಜಿ ಕೊಟ್ಟು, ನಿಮ್ಮ ಪ್ರತಿಗೆ ದಿನಾಂಕದ ಸಮೇತ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ ಭರವಸೆ ಮುಂದೆ ಸಾಕ್ಷಿಯಾಗದು. ಜೊತೆಗೇ ಬಾಕಿ ಇಲ್ಲ ಎಂಬ ಪತ್ರ, ಅಂದರೆ ನೋ ಡ್ಯೂ ಸರ್ಟಿಫಿಕೇಟ್ ಕೇಳಿ. ಅದರಲ್ಲಿ ಸಾಲದ ಖಾತೆ ಸಂಖ್ಯೆ, ಆಸ್ತಿಯ ವಿವರ, ಎಲ್ಲ ಸಾಲಗಾರರ ಹೆಸರು ಸರಿಯಾಗಿವೆಯೇ ನೋಡಿ. ಬಳಸದೆ ಉಳಿದ ಚೆಕ್‌ಗಳನ್ನು ಹಿಂಪಡೆದು, ಕಂತು ತಾನಾಗಿ ಕಡಿತವಾಗುವ ಆದೇಶವನ್ನೂ ರದ್ದು ಮಾಡಿಸಿ.

ದಾಖಲೆ ತರಲು ಹೋಗುವಾಗ ಸಾಲ ಪಡೆದಾಗ ಕೊಟ್ಟಿದ್ದ ದಾಖಲೆಗಳ ಪಟ್ಟಿ ಕೈಯಲ್ಲಿರಲಿ. ಅಲ್ಲೇ ಕುಳಿತು ಒಂದೊಂದನ್ನೂ ತಾಳೆ ನೋಡಿ: ಕ್ರಯಪತ್ರದ ಪುಟಗಳೆಲ್ಲ ಇವೆಯೇ, ಹಿಂದಿನ ಮಾಲೀಕರ ಮೂಲಪತ್ರಗಳು ಬಂದಿವೆಯೇ, ಖಾತಾ ಮತ್ತು ನಕ್ಷೆ ಇವೆಯೇ, ಮೂಲದ ಬದಲು ನಕಲು ಸೇರಿದೆಯೇ. ಇದಕ್ಕೆ ಒಂದು ಗಂಟೆ ಹಿಡಿದರೂ ಹಿಡಿಯಲಿ. ‘ಎಲ್ಲ ತಲುಪಿದೆ’ ಎಂದು ಸಹಿ ಹಾಕುವುದು ಇದೆಲ್ಲ ಮುಗಿದ ಮೇಲೆ.

ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್ 13ರಂದು ಹೊರಡಿಸಿದ ಆದೇಶ ಇಲ್ಲಿ ನಿಮ್ಮ ಬೆಂಬಲಕ್ಕಿದೆ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಬ್ಯಾಂಕು ಮೂಲ ದಾಖಲೆಗಳನ್ನು ಕೊಟ್ಟು, ಯಾವುದೇ ನೋಂದಣಿಯಲ್ಲಿರುವ ಹೊರೆಯನ್ನೂ, ಅಂದರೆ ಆಸ್ತಿಯ ಮೇಲಿನ ತನ್ನ ಹಕ್ಕಿನ ನಮೂದನ್ನೂ, ತೆಗೆಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ದಾಖಲೆ ಕಳೆದುಹೋಗಿದ್ದರೆ ದೃಢೀಕೃತ ಪ್ರತಿ ಪಡೆಯಲು ನೆರವಾಗಿ ಅದರ ಖರ್ಚನ್ನೂ ಭರಿಸಬೇಕು. ಅದಕ್ಕೆ ಇನ್ನೂ 30 ದಿನಗಳ ಅವಕಾಶವಿದೆ. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದ್ದು, ಗೃಹಸಾಲ ಕಂಪನಿಗಳಿಗೂ ಅನ್ವಯಿಸುತ್ತದೆ.

ಹೆಚ್ಚಿನವರು ಕೈಬಿಡುವುದು ಸಬ್ ರಿಜಿಸ್ಟ್ರಾರ್ ಕಚೇರಿಯ ಕೆಲಸವನ್ನು. ಸಾಲ ಪಡೆಯುವಾಗ ಮನೆಯ ಪತ್ರಗಳನ್ನು ಭದ್ರತೆಯಾಗಿ ಬ್ಯಾಂಕಿಗೆ ಒಪ್ಪಿಸಿದ ಹಕ್ಕುಪತ್ರ ಠೇವಣಿಯ ಒಪ್ಪಂದ, ಬ್ಯಾಂಕಿನವರ ಮಾತಿನಲ್ಲಿ ಎಂಒಡಿ, ಅಲ್ಲಿ ನೋಂದಣಿಯಾಗಿದ್ದರೆ ಅದರ ಬಿಡುಗಡೆ ಪತ್ರವೂ ಅಲ್ಲೇ ನೋಂದಣಿಯಾಗಬೇಕು. ನೋ ಡ್ಯೂ ಪತ್ರವೊಂದನ್ನೇ ನೋಡಿ ಸಬ್ ರಿಜಿಸ್ಟ್ರಾರ್ ನಮೂದು ಬದಲಿಸುವುದಿಲ್ಲ. ಬಿಡುಗಡೆ ಪತ್ರಕ್ಕೆ ಬ್ಯಾಂಕಿನ ಅಧಿಕೃತ ಪ್ರತಿನಿಧಿ ಸಹಿ ಹಾಕಬೇಕಾದ್ದರಿಂದ, ಯಾರು, ಯಾವ ದಿನ ಬರುತ್ತಾರೆ ಎಂಬುದನ್ನು ಶಾಖೆಯಲ್ಲಿ ಮೊದಲೇ ಗೊತ್ತುಮಾಡಿಕೊಳ್ಳಿ. ನೋಂದಣಿಯ ನಂತರ ಹೊಸ ಇ.ಸಿ. ತೆಗೆಸಿ; ಕರ್ನಾಟಕದಲ್ಲಿ ಕಾವೇರಿ ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು. ಅದರಲ್ಲಿ ಹಳೆಯ ಅಡಮಾನ ಕಂಡರೆ ಗಾಬರಿ ಬೇಡ. ಆ ನಮೂದು ಅಳಿಸಿಹೋಗುವುದಿಲ್ಲ, ಬಿಡುಗಡೆಯ ನಮೂದು ಪ್ರತ್ಯೇಕವಾಗಿ ಸೇರಿರುತ್ತದೆ. ಅದು ಇದೆಯೇ ಎಂದಷ್ಟೇ ನೋಡಿ.

ಅಡಮಾನಗಳ ಕೇಂದ್ರ ದಾಖಲೆಯಾದ ಸೆರ್ಸಾಯ್‌ನಲ್ಲೂ ಬ್ಯಾಂಕಿನ ಹೊರೆ ತೆಗೆಸಬೇಕು. ಅದು ಬ್ಯಾಂಕೇ ಮಾಡುವ ಕೆಲಸ. ಮಾಡಿದ್ದಕ್ಕೆ ಪುರಾವೆ ಕೇಳಿ ಪಡೆಯಿರಿ. ಮನೆಯ ವಿಮೆಯಲ್ಲಿ ಬ್ಯಾಂಕಿನ ಹೆಸರಿದ್ದರೆ ತೆಗೆಸಿ. ಒಂದೆರಡು ತಿಂಗಳ ನಂತರ ಕ್ರೆಡಿಟ್ ವರದಿಯಲ್ಲಿ ಸಾಲ ‘ಕ್ಲೋಸ್ಡ್’ ಎಂದಿದೆಯೇ ಪರೀಕ್ಷಿಸಿ. ಪೂರ್ತಿ ಹಣ ಕಟ್ಟಿಯೂ ‘ಸೆಟಲ್ಡ್’, ಅಂದರೆ ಕಡಿಮೆ ಹಣಕ್ಕೆ ರಾಜಿಯಾಗಿದೆ, ಎಂದಿದ್ದರೆ ತಕ್ಷಣ ತಿದ್ದಿಸಿ, ಮುಂದಿನ ಸಾಲಕ್ಕೆ ಅದು ಅಡ್ಡಿಯಾಗುತ್ತದೆ.

ಬ್ಯಾಂಕು ಸತಾಯಿಸಿದರೆ ಮೊದಲು ಅದರ ದೂರು ವಿಭಾಗಕ್ಕೆ ಬರೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಕೊಡಬಹುದು, ಇದಕ್ಕೆ ಶುಲ್ಕವಿಲ್ಲ. ಗೃಹಸಾಲ ಕಂಪನಿಯ ಮೇಲಿನ ದೂರಾದರೆ ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ ಕಳಿಸಿ. ಸೀಲು ಹಾಕಿಸಿಕೊಂಡ ಆ ಮೊದಲ ಅರ್ಜಿಯ ಪ್ರತಿಯನ್ನು ದೂರಿನ ಜೊತೆ ಲಗತ್ತಿಸಿ.