ತಮಾಲೆಯಲ್ಲಿ ನಾನು ಶಿಯಾ ಬೆಣ್ಣೆ ತೆಗೆದ ಬಗೆ

ಉತ್ತರ ಘಾನಾದ ತಮಾಲೆಗೆ ಬಂದು ನೆಲೆಸಿದ ಮೂರನೆಯ ವರ್ಷ ನನ್ನ ಕೈಗೆ ಶಿಯಾ ಬೆಣ್ಣೆಯ ಹದ ಒಲಿಯಿತು. ಅಲ್ಲಿ ಬೆಳೆಯುವ ಶಿಯಾ ಮರದ ಬೀಜದಿಂದ ತೆಗೆಯುವ ಗಟ್ಟಿ ಜಿಡ್ಡು ಇದು. ಹಣ್ಣು ಆಯುವುದರಿಂದ ಹಿಡಿದು ಬೆಣ್ಣೆ ಕಾಯಿಸುವವರೆಗೆ ಅಲ್ಲಿ ಎಲ್ಲವೂ ಹೆಂಗಸರ ಕೆಲಸ. ಗಂಡಸಿನ ಕೈಯಲ್ಲಿ ಬೆಣ್ಣೆ ಏಳುವುದಿಲ್ಲವೆಂದೇ ನೆರೆಯವರು ನಂಬಿದ್ದರು.

ಮೊದಲ ವರ್ಷ, ಶಿರಸಿಯ ನಮ್ಮ ಮನೆಯಲ್ಲಿ ಮುರುಗಲ (ಕೋಕಂ) ಬೀಜದ ತುಪ್ಪ ತೆಗೆಯುವಂತೆಯೇ ಶಿಯಾ ಬೀಜದ ತಿರುಳನ್ನು ಕುಟ್ಟಿ ನೀರಿನಲ್ಲಿ ಕುದಿಸಿದೆ. ಸುಮಾರು 40 ಕಿಲೋ ತಿರುಳಿಗೆ ತೇಲಿದ್ದು ನಾಲ್ಕೈದು ಕಿಲೋ ಜಿಡ್ಡು ಮಾತ್ರ. ಮರುವರ್ಷ ಅಲ್ಲಿಯವರಂತೆ ಹುರಿದು, ಬೀಸಿ, ನಾದಿದೆ. ಬೆಣ್ಣೆ ಬಂದರೂ ಕಮಟು ಹಿಡಿಯಿತು. ಈ ಎರಡು ವರ್ಷಗಳಲ್ಲಿ ಹತ್ತಿರ ಹತ್ತಿರ 1,000 ಸೆಡಿ (ಘಾನಾದ ಹಣ) ಕಳೆದುಕೊಂಡೆ. ದೋಷ ನಾದಿದ್ದರಲ್ಲಿರಲಿಲ್ಲ, ರಾಶಿಯಲ್ಲೇ ಮೊಳೆತಿದ್ದ ಬೀಜದಲ್ಲಿತ್ತು.

ಮೂರನೆಯ ವರ್ಷ ಆಯುವವರಿಂದಲೇ ಹಸಿ ಬೀಜವನ್ನು ಕಾಲು ಪಾಲು ಹೆಚ್ಚು ಬೆಲೆಗೆ ಕೊಂಡು, ಮೊಳೆಯದಂತೆ ಅಂದೇ ಬೇಯಿಸಿ, ಹೊಗೆ ತಾಗದಂತೆ ಬಿಸಿಲಿನಲ್ಲಿ ಒಣಗಿಸಿದೆ. ಹುರಿದು ಬೀಸಿದ ಕಂದು ಹಿಟ್ಟಿಗೆ ನೀರು ಸೇರಿಸಿ ಸುಮಾರು 40 ನಿಮಿಷ ನಾದಿದಾಗ, ರಾಗಿ ಅಂಬಲಿಯಂತಿದ್ದದ್ದು ಮೆಲ್ಲನೆ ಬಿಳಿಚಿ, ತೋಳು ಸೋತು ಬೀಳುವ ಹೊತ್ತಿಗೆ ಇದ್ದಕ್ಕಿದ್ದಂತೆ ಹಗುರವಾಗಿ ಬೂದು ಬಿಳಿಯ ನೊರೆಯಾಗಿ ಎದ್ದಿತು. ಬೆಚ್ಚಗಿನ ನೀರನ್ನು ಬಿಟ್ಟು ತಣ್ಣೀರಿಗೆ ಯಾವ ಘಳಿಗೆಯಲ್ಲಿ ಹೊರಳಬೇಕೆಂಬುದನ್ನು ಮಾತ್ರ, ನನಗೆ ಈ ಕೆಲಸ ಕಲಿಸಿದ ಅಜ್ಜಿಯ ಒಪ್ಪಿಗೆಯಿಲ್ಲದೆ ಬರೆಯಲಾರೆ. ಹತ್ತು ಕಿಲೋ ತಿರುಳಿಗೆ ಮೂರು ಕಿಲೋದಷ್ಟು ಬೆಣ್ಣೆ ದಕ್ಕಿತು. ಕಾಯಿಸಿ ಇಳಿಸಿದ ಮೇಲೆ ತಣಿಯುವವರೆಗೂ ಕದಡುತ್ತಿರದಿದ್ದರೆ ಅದು ಮರಳು ಮರಳಾಗುತ್ತದೆ.

ಸಹಾರಾದ ಒಣಗಾಳಿ ಹರ್ಮಟಾನ್ ಬೀಸುವ ತಿಂಗಳುಗಳಲ್ಲಿ ಅಲ್ಲಿ ಈ ಬೆಣ್ಣೆಯಿಲ್ಲದ ಮನೆಯಿಲ್ಲ. ಒಡೆದ ತುಟಿಗೆ, ಕಟ್ಟಿದ ಮೂಗಿಗೆ, ನೋಯುವ ಕೀಲಿಗೆ ಇದನ್ನೇ ಸವರುತ್ತಾರೆ. ಹಸುಗೂಸಿನ ಮೈಗೂ ಇದನ್ನೇ ತಿಕ್ಕುತ್ತಾರೆ. ಶಿಯಾ ಮರದ ತೊಗಟೆಯ ಕಷಾಯವನ್ನು ಭೇದಿಗೆ ಕೊಡುವ ರೂಢಿಯೂ ಇದೆ, ಅದಕ್ಕೆ ನಾನು ಕೈ ಹಾಕಿಲ್ಲ. ಕ್ಷಾರ ಸೇರಿಸಿದರೂ ಸಾಬೂನಾಗದೆ ಉಳಿಯುವ ಅಂಶ ಈ ಬೆಣ್ಣೆಯಲ್ಲಿ ಸಾಮಾನ್ಯ ಎಣ್ಣೆಗಳಿಗಿಂತ ಹೆಚ್ಚಿರುವುದರಿಂದ ಚರ್ಮಕ್ಕೆ ಇಷ್ಟು ಹಿತವೆಂದು ನನ್ನ ನಂಬಿಕೆ. ನನ್ನ ಹಿಮ್ಮಡಿಯ ಬಿರುಕು ಹನ್ನೆರಡು ದಿನಗಳಲ್ಲಿ ಕೂಡಿತು.

ತಮಾಲೆಯ ಸೆಕೆಗೆ ಬೆಣ್ಣೆ ಡಬ್ಬಿಯಲ್ಲೇ ಕರಗುತ್ತಿದ್ದುದರಿಂದ, ಊರಿನಿಂದ ಒಯ್ದಿದ್ದ ಮುರುಗಲ ತುಪ್ಪವನ್ನು ಮೂರಕ್ಕೆ ಒಂದರಂತೆ ಬೆರೆಸಿ ನೋಡಿದೆ. ಅದು ಗಟ್ಟಿಯಾಗಿ ನಿಂತಿತು, ಆದರೆ ಹಚ್ಚುವಾಗ ತುಸು ಎಳೆಯುತ್ತದೆ. ಪ್ರಮಾಣವನ್ನು ಇನ್ನೂ ತಿದ್ದುತ್ತಿದ್ದೇನೆ. ಬೆರಕೆಯಿಲ್ಲದ ಬೆಣ್ಣೆಯನ್ನು ಆ ಅಜ್ಜಿ ಮೂಸಿ, ಮಣಿಕಟ್ಟಿಗೆ ತಿಕ್ಕಿ ನೋಡಿ, ಆಗಷ್ಟೇ ಹುಟ್ಟಿದ ಮೊಮ್ಮಗನಿಗೆಂದು ಎರಡು ಡಬ್ಬಿ ಕೇಳಿ ಒಯ್ದರು.