ರುಬ್ಬಿದ್ದು ಸಾಕು, ಇನ್ನು ನೀನೇ ತಿನ್ನು

ಮಗಳಿಗೆ 8 ತಿಂಗಳು ತುಂಬುವ ಹೊತ್ತಿಗೆ ನಮ್ಮನೆ ಮಿಕ್ಸಿಯ ಸಣ್ಣ ಜಾರು ಒಣಗಿದ್ದೇ ಇಲ್ಲ. ತೊಳೆದು ಬೋರಲು ಹಾಕುವಷ್ಟರಲ್ಲಿ ಮತ್ತೆ ಬೇಕು. ಕ್ಯಾರೆಟ್ ಬೇಯಿಸು, ರುಬ್ಬು, ಸೋಸು. ಸೇಬು ಬೇಯಿಸು, ರುಬ್ಬು, ಸೋಸು. ಆದರೆ ಊಟ ಮಾತ್ರ ಸಲೀಸಾಗಿ ಮುಗಿಯುತ್ತಿತ್ತು. ಚಮಚ ಕಂಡರೆ ಸಾಕು, ಹಕ್ಕಿಮರಿ ಥರ ಬಾಯಿ ತೆರೆಯುತ್ತಿದ್ದಳು. 10 ನಿಮಿಷಕ್ಕೆ ಬಟ್ಟಲು ಖಾಲಿ. ನಡೆಯುತ್ತಿರುವುದನ್ನು ಸುಮ್ನೆ ಯಾಕೆ ಕೆಡಿಸಿಕೊಳ್ಳಬೇಕು ಅಂತ ನಾನೂ ಹಾಗೇ ಇದ್ದೆ.

ಲಸಿಕೆಗೆ ಹೋದಾಗ ಡಾಕ್ಟರ್ ಕೇಳಿದರು, "ಕೈಯಲ್ಲಿ ಹಿಡಿದು ಏನೇನು ತಿಂತಾಳೆ?"

"ಇನ್ನೂ ಎರಡೇ ಹಲ್ಲು ಡಾಕ್ಟ್ರೇ," ಅಂದೆ.

"ಮುಂದಿನ ಹಲ್ಲು ಕಚ್ಚೋದಕ್ಕೆ. ಅಗಿಯೋ ದವಡೆ ಹಲ್ಲು ಬರೋಕೆ ವರ್ಷ ದಾಟುತ್ತೆ. ಅಲ್ಲಿವರೆಗೂ ರುಬ್ತಾನೇ ಇರ್ತೀರಾ? ಒಸಡಿಗೆ ಬೆರಳು ಕೊಟ್ಟು ನೋಡಿ."

ಮನೆಗೆ ಬಂದು ಕೈ ತೊಳೆದು ಕೊಟ್ಟೆ. ಹಲ್ಲಿಲ್ಲದ ಕಡೆಯೇ ಕೊಟ್ಟಿದ್ದು. ಕಣ್ಣಲ್ಲಿ ನೀರು ಬಂತು. ಚೆನ್ನಾಗಿ ಬೆಂದ ಆಲೂಗಡ್ಡೆ ಆ ಒಸಡಿಗೆ ಯಾವ ಲೆಕ್ಕ?

ಆಮೇಲೆ ಕೂತು ಓದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೆಚ್ಚಿನ ಮಕ್ಕಳು ಸುಮಾರು 8 ತಿಂಗಳಿಗೆ ಕೈಯಲ್ಲಿ ಹಿಡಿದು ತಿನ್ನಬಲ್ಲರು, 12 ತಿಂಗಳಿಗೆ ಮನೆಯವರ ಊಟವನ್ನೇ ಹಂಚಿಕೊಳ್ಳಬಲ್ಲರು. ಇಂಗ್ಲೆಂಡಿನಲ್ಲಿ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಗಿತ್ತು. 9 ತಿಂಗಳ ನಂತರವಷ್ಟೇ ಗಂಟು ಗಂಟಾದ ಆಹಾರ ಕಂಡ ಮಕ್ಕಳಲ್ಲಿ, 7ನೇ ವಯಸ್ಸಿಗೂ ಊಟದ ತಕರಾರು ಜಾಸ್ತಿ ಇತ್ತಂತೆ. ಹೆದರಿಕೆ ಆಯ್ತು, ಸುಳ್ಳು ಹೇಳಲ್ಲ.

ಹೆದರಿಕೆಯಲ್ಲೇ ಮೊದಲ ತಪ್ಪು ಮಾಡಿದೆ. ನುಣ್ಣಗೆ ರುಬ್ಬಿದ ಕ್ಯಾರೆಟ್‌ಗೆ ಆಲೂಗಡ್ಡೆಯ ಸಣ್ಣ ಸಣ್ಣ ಚೂರು ಬೆರೆಸಿ ಚಮಚದಲ್ಲಿ ಕೊಟ್ಟೆ. ನುಣುಪಿನಿಂದ ಗಟ್ಟಿಗೆ ಮೆಲ್ಲಗೆ ದಾಟಿಸೋಣ ಅಂತ ನನ್ನ ಲೆಕ್ಕ. ಮೊದಲ ತುತ್ತಿಗೇ ಮುಖ ಕಿವುಚಿದಳು. ಎರಡನೆಯದಕ್ಕೆ ಓಕರಿಸಿ ಕುಡಿದ ಹಾಲನ್ನೆಲ್ಲ ಕಕ್ಕಿದಳು. ಮೂರು ದಿನ ಇದೇ ಕಥೆ. ನಾಲ್ಕನೇ ದಿನ ಚಮಚ ಕಂಡರೇ ತುಟಿ ಬಿಗಿ. ಇದ್ದದ್ದೂ ಹೋಯ್ತು.

ಯಾಕೆ ಹೀಗಾಯ್ತು ಅಂತ ಗೊತ್ತಾಗಿದ್ದು ನಾನೇ ತಿಂದು ನೋಡಿದಾಗ. ಕಣ್ಣು ಮುಚ್ಚಿಕೊಂಡು ಅದನ್ನೇ ಒಂದು ಚಮಚ ಬಾಯಿಗೆ ಹಾಕಿಕೊಂಡೆ. ನೀರಾಗಿದೆ ಅಂದುಕೊಂಡು ನಾಲಿಗೆ ನುಂಗಲು ಹೊರಟಿತು, ನಡುವೆ ಚೂರು ಅಡ್ಡ ಬಂತು. ನನಗೇ ಒಂದು ಕ್ಷಣ ತಬ್ಬಿಬ್ಬು. ಎರಡು ತಿಂಗಳಿಂದ ಬರೀ ನುಂಗಿಯೇ ಗೊತ್ತಿರುವ ಮಗು ಏನು ಮಾಡೀತು? ನುಣ್ಣಗಿನದರೊಳಗೆ ಅಡಗಿದ ಗಂಟು ಎಲ್ಲದಕ್ಕಿಂತ ಕಷ್ಟದ ಆಹಾರ. ಅದನ್ನೇ ನಾನು ಮೊದಲ ಮೆಟ್ಟಿಲು ಅಂದುಕೊಂಡಿದ್ದೆ.

ಅದೇ ಆಲೂಗಡ್ಡೆಯನ್ನು ಬೆರಳಿನ ಆಕಾರಕ್ಕೆ ಕತ್ತರಿಸಿ, ಮೆತ್ತಗೆ ಬೇಯಿಸಿ ಅವಳ ಕೈಗೇ ಕೊಟ್ಟೆ. ನೋಡಿದಳು. ಹಿಸುಕಿದಳು. ಅರ್ಧ ಮುಷ್ಟಿಯೊಳಗೇ ಪೇಸ್ಟ್ ಆಯ್ತು. ಉಳಿದದ್ದನ್ನು ಕೆನ್ನೆಗೆ, ಮೂಗಿಗೆ, ಆಮೇಲೆ ಬಾಯಿಗೆ. ತುದಿಯನ್ನು ಒಸಡಲ್ಲಿ ಕಡಿದು, ದವಡೆಯನ್ನು ಮೇಲೆ ಕೆಳಗೆ ಆಡಿಸಿ, ಚೂರನ್ನು ಹೊರಗೆ ತಳ್ಳಿ ಮತ್ತೆ ಒಳಗೆ ಎಳೆದುಕೊಂಡಳು. ಓಕರಿಕೆ ಇಲ್ಲ. ಕೈಗೆ ಅದರ ಗಾತ್ರ, ಮೆದು ಎಲ್ಲ ಮೊದಲೇ ತಿಳಿದಿತ್ತು. ಬಾಯಿಗೆ ಏನು ಬರುತ್ತದೆ ಅಂತ ಕೈ ಮೊದಲೇ ಸುದ್ದಿ ಮುಟ್ಟಿಸಿತ್ತು ಅನ್ನಿ.

ಗಾತ್ರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಹೊಸಬರು ಇಲ್ಲೇ ಎಡವುತ್ತಾರೆ. ಸಣ್ಣ ಮಗುವಿಗೆ ಸಣ್ಣ ಚೂರು ಅಂತ ಅನಿಸುವುದು ಸಹಜ. ಆದರೆ ಆ ವಯಸ್ಸಿಗೆ ಮಗು ಹಿಡಿಯುವುದು ಇಡೀ ಅಂಗೈಯಿಂದ. ಮುಷ್ಟಿಯೊಳಗೆ ಹೋದದ್ದನ್ನು ಹೊರಗೆ ತರಲು ಬರುವುದಿಲ್ಲ. ಹಾಗಾಗಿ ಅರ್ಧ ಮುಷ್ಟಿಯಲ್ಲಿ, ಅರ್ಧ ಹೊರಗೆ ಇರುವಷ್ಟು ಉದ್ದ ಬೇಕು. ನಮ್ಮ ಬೆರಳಿನಷ್ಟು ಉದ್ದ, ಅಷ್ಟೇ ದಪ್ಪ. ಬೆಂದಿದೆಯೋ ಇಲ್ಲವೋ ನೋಡಲು ಹೆಬ್ಬೆರಳು, ತೋರುಬೆರಳ ನಡುವೆ ಒತ್ತುತ್ತಿದ್ದೆ. ಜೋರು ಹಾಕದೆ ಹಿಸುಕಿ ಹೋದರೆ ತಟ್ಟೆಗೆ, ಇಲ್ಲದಿದ್ದರೆ ಮತ್ತೆ ಪಾತ್ರೆಗೆ. ತೀರಾ ಜಾಸ್ತಿ ಬೆಂದರೂ ಕಷ್ಟ, ಎತ್ತುವ ಮೊದಲೇ ಮುರಿಯುತ್ತದೆ.

ಬಾಳೆಹಣ್ಣು ಜಾರಿ ಜಾರಿ ಅವಳನ್ನು ಅಳಿಸುತ್ತಿತ್ತು. ಒಂದು ದಿನ ಸುಲಿದ ಹಣ್ಣಿನ ತುದಿಗೆ ಬೆರಳು ಒತ್ತಿದೆ, ಅದು ತಾನಾಗೇ ಉದ್ದಕ್ಕೆ ಮೂರು ಸೀಳಾಯ್ತು. ಓಟ್ಸ್ ಪುಡಿಯಲ್ಲಿ ಹೊರಳಿಸಿ ಕೊಟ್ಟೆ. ಹಿಡಿತ ಸಿಕ್ಕಿತು.

ಮೊದಲ ವಾರ ಅವಳನ್ನು ತೊಡೆಗೆ ಒರಗಿಸಿಕೊಂಡೇ ಕೊಡುತ್ತಿದ್ದೆ. ಅದು ತಪ್ಪು. ಒರಗಿ ಕೂತರೆ ಚೂರು ತಾನಾಗಿ ಗಂಟಲಿಗೆ ಜಾರುತ್ತದೆ. ಹೈ ಚೇರ್‌ನಲ್ಲಿ ನೆಟ್ಟಗೆ ಕೂರಿಸಿದಾಗ ಕಾಲು ನೇತಾಡುತ್ತಿತ್ತು. ನಮ್ಮವರು ರಟ್ಟಿನ ಡಬ್ಬಿಯೊಂದಕ್ಕೆ ಹಳೇ ಪೇಪರ್ ತುರುಕಿ ಕಾಲ ಕೆಳಗೆ ಕಟ್ಟಿದರು. ನೋಡಲು ಚೆಂದ ಇರಲಿಲ್ಲ, ಆದರೆ ಪಾದ ಊರಲು ಜಾಗ ಸಿಕ್ಕ ಮೇಲೆ ಅವಳು ಒದ್ದಾಡದೆ 20 ನಿಮಿಷ ಕೂತಳು. ಹೊತ್ತನ್ನೂ ಬದಲಿಸಿದೆವು. ಹೊಟ್ಟೆ ಚುರುಗುಟ್ಟುವಾಗ ಹೊಸದನ್ನು ಕಲಿಯುವ ತಾಳ್ಮೆ ಯಾರಿಗಿರುತ್ತೆ? ಹಾಲು ಕುಡಿದು ಒಂದು ಗಂಟೆ ಆದ ಮೇಲೆ ಕೂರಿಸುತ್ತಿದ್ದೆ.

ಇನ್ನು ಎಲ್ಲರೂ ಹೆದರುವ ವಿಷಯ. ಐದನೇ ದಿನವೋ ಏನೋ, ಸಿಹಿಗೆಣಸಿನ ಚೂರು ಹಿಂದಕ್ಕೆ ಹೋಯ್ತು. ಮುಖ ಕೆಂಪಾಯ್ತು, ಕಣ್ಣಲ್ಲಿ ನೀರು, ನಾಲಿಗೆ ಹೊರಗೆ, "ಅಕ್ ಅಕ್" ಅಂತ ಸದ್ದು. ಅಮ್ಮ ಅಡುಗೆಮನೆಯಿಂದ ಓಡಿ ಬಂದು "ಬೆರಳು ಹಾಕಿ ತೆಗಿಯೇ!" ಅಂತ ಕೂಗಿದರು. ನಾನು ಕೈ ಕಟ್ಟಿಕೊಂಡು ಕೂತೆ. ಎದೆ ಹೊಡೆದುಕೊಳ್ಳುತ್ತಿತ್ತು. ನಾಲ್ಕೈದು ಸೆಕೆಂಡಿಗೆ ಚೂರನ್ನು ತಾನೇ ಮುಂದೆ ತಂದು ಉಗುಳಿದಳು. ನೋಡಿದಳು. ಮತ್ತೆ ಬಾಯಿಗೆ ಹಾಕಿಕೊಂಡಳು! ಅಮ್ಮ ಆ ದಿನ ನನ್ನ ಜೊತೆ ಮಾತಾಡಲಿಲ್ಲ.

ಇದು ಓಕರಿಕೆ. ಮಕ್ಕಳಿಗೆ ಓಕರಿಕೆ ತರುವ ಜಾಗ ನಾಲಿಗೆಯ ಮೇಲೆ ನಮಗಿಂತ ಎಷ್ಟೋ ಮುಂದೆ ಇರುತ್ತದೆ. ಚೂರು ಗಂಟಲಿಗೆ ಹೋಗುವ ಮೊದಲೇ ಅಲ್ಲಿ ತಡೆ ಬೀಳುತ್ತದೆ. ಬೆಳೆಯುತ್ತಾ ಆ ಜಾಗ ಹಿಂದೆ ಸರಿಯುತ್ತದೆ. ಸದ್ದು, ಕೆಮ್ಮು, ಕೆಂಪು ಮುಖ ಇದ್ದರೆ ಗಾಳಿ ಆಡುತ್ತಿದೆ ಅಂತ ಅರ್ಥ. ನಿಜವಾಗಿ ಉಸಿರಿನ ಕೊಳವೆಗೆ ಸಿಕ್ಕಿಕೊಂಡರೆ ಸದ್ದೇ ಇರುವುದಿಲ್ಲ. ಅಳಲೂ ಆಗುವುದಿಲ್ಲ, ಕೆಮ್ಮಲೂ ಆಗುವುದಿಲ್ಲ, ತುಟಿ ನೀಲಿಗಟ್ಟುತ್ತದೆ. ಆಗ ಒಂದು ಕ್ಷಣವೂ ಕಾಯುವಂತಿಲ್ಲ. ಸಹಾಯಕ್ಕೆ ಕೂಗಿ, ಆಂಬ್ಯುಲೆನ್ಸ್‌ಗೆ ಫೋನ್ ಮಾಡಿಸಬೇಕು. ಒಂದು ವರ್ಷದೊಳಗಿನ ಮಗುವಾದರೆ ತಲೆ ಕೆಳಗಿರುವಂತೆ ಮುಂದೋಳಿನ ಮೇಲೆ ಬೋರಲು ಮಲಗಿಸಿ, ಹೆಗಲುಗಳ ನಡುವೆ 5 ಸಲ ಹೊಡೆಯಬೇಕು. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯನ್ನು 5 ಸಲ ಒತ್ತಬೇಕು. ಇದನ್ನೇ ಒಂದಾದ ಮೇಲೊಂದು ಮುಂದುವರಿಸಬೇಕು. ದೊಡ್ಡವರಿಗೆ ಮಾಡುವ ಹಾಗೆ ಹೊಟ್ಟೆ ಒತ್ತಬಾರದು. ಕಾಣದ ಚೂರಿಗೆ ಬೆರಳು ಹಾಕಿದರೆ ಇನ್ನೂ ಒಳಕ್ಕೆ ಹೋಗುತ್ತದೆ. ನಾನು ಕೈಗೆ ಕೊಡಲು ಶುರು ಮಾಡುವ ಮೊದಲೇ ಒಂದು ಮಧ್ಯಾಹ್ನದ ಪ್ರಥಮ ಚಿಕಿತ್ಸೆ ತರಗತಿಗೆ ಹೋಗಿ ಗೊಂಬೆಯ ಮೇಲೆ ಕಲಿತಿದ್ದೆ. ಓದಿದ್ದು ಬೇರೆ, ಕೈಗೆ ಬಂದದ್ದು ಬೇರೆ. ಆ ತರಗತಿ ಇಲ್ಲದಿದ್ದರೆ ಆವತ್ತು ನಾನೂ ಅಮ್ಮನ ಮಾತು ಕೇಳಿ ಬೆರಳು ಹಾಕುತ್ತಿದ್ದೆ.

ಕೆಲವನ್ನು ಮಾತ್ರ ಮನೆಯಲ್ಲಿ ಯಾರೂ ಕೊಡಕೂಡದು ಅಂತ ಫ್ರಿಜ್ ಬಾಗಿಲಿಗೆ ಬರೆದು ಅಂಟಿಸಿದ್ದೆ. ಇಡೀ ದ್ರಾಕ್ಷಿ, ಇಡೀ ಕಡಲೆಬೀಜ, ಬಾದಾಮಿ, ಪಾಪ್‌ಕಾರ್ನ್, ಹಸಿ ಕ್ಯಾರೆಟ್, ಹಸಿ ಸೇಬು, ಗಟ್ಟಿ ಚಾಕಲೇಟು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿದರೆ ಅಡ್ಡಿಯಿಲ್ಲ. ದುಂಡಗೆ ಬಿಲ್ಲೆ ಬಿಲ್ಲೆ ಕತ್ತರಿಸಬೇಡಿ, ಅದೇ ಕೊಳವೆಗೆ ಬಿರಡೆಯ ಹಾಗೆ ಕೂರುತ್ತದೆ. ವರ್ಷ ತುಂಬುವ ತನಕ ಜೇನುತುಪ್ಪ ಬೇಡವೇ ಬೇಡ, ಒಂದು ಹನಿಯೂ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಬೀಜಕಣಗಳಿಂದ ಎಳೆ ಮಕ್ಕಳಿಗೆ ಬಾಟ್ಯುಲಿಸಂ ಅನ್ನುವ ಕಾಯಿಲೆ ಬರುತ್ತದೆ. ಉಪ್ಪು, ಸಕ್ಕರೆಯನ್ನೂ ಹಾಕಲಿಲ್ಲ. ಸಪ್ಪೆ ಅಂತ ಅನಿಸುತ್ತಿದ್ದದ್ದು ನಮಗೇ, ಅವಳಿಗಲ್ಲ.

ಬರೀ ಕ್ಯಾರೆಟ್, ಆಲೂಗಡ್ಡೆ ಕಡ್ಡಿಗಳಲ್ಲೇ ಎರಡು ವಾರ ಕಳೆದ ಮೇಲೆ ಇನ್ನೊಂದು ಹೊಳೆಯಿತು. ಹುಟ್ಟುವಾಗ ಮಗು ತಂದುಕೊಂಡ ಕಬ್ಬಿಣಾಂಶ ಸುಮಾರು 6 ತಿಂಗಳಿಗೆ ಕರಗುತ್ತಾ ಬರುತ್ತದೆ. ತಿನ್ನುವುದೇ ಒಂದಿಷ್ಟು, ಅದರಲ್ಲಿ ಕಬ್ಬಿಣಾಂಶವೇ ಇಲ್ಲದಿದ್ದರೆ? ಬೇಳೆಯನ್ನು ಗಟ್ಟಿಯಾಗಿ ಬೇಯಿಸಿ, ಆಲೂಗಡ್ಡೆ ಜೊತೆ ಹಿಸುಕಿ, ಬೆರಳುದ್ದಕ್ಕೆ ಉರುಟಿ ಕೊಟ್ಟೆ. ಪೂರ್ತಿ ಬೆಂದ ಮೊಟ್ಟೆಯ ಆಮ್ಲೆಟ್ ಪಟ್ಟಿ ಪಟ್ಟಿಯಾಗಿ. ಜೊತೆಗೆ ಮಾಗಿದ ಟೊಮೆಟೊ ಅಥವಾ ಕಿತ್ತಳೆ, ಏಕೆಂದರೆ ಬೇಳೆಯ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತಲು ವಿಟಮಿನ್ ಸಿ ಬೇಕು. ಮೊಟ್ಟೆ, ಕಡಲೆಬೀಜದ ಪೇಸ್ಟ್ ಥರದ್ದನ್ನು ಒಂದೊಂದಾಗಿ, ಬೆಳಗಿನ ಹೊತ್ತು ಕೊಟ್ಟೆ. ಅಲರ್ಜಿ ಏನಾದರೂ ಆದರೆ ಹಗಲಲ್ಲೇ ಗೊತ್ತಾಗಲಿ ಅಂತ. ಮೈಮೇಲೆ ಜೋರು ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ ತುರಿಸುವ ಕಾಯಿಲೆ) ಇರುವ ಮಗುವಾದರೆ ಇವಕ್ಕೆ ಮೊದಲು ಡಾಕ್ಟರನ್ನು ಕೇಳಿ.

ಚಮಚ ಪೂರ್ತಿ ಬಿಟ್ಟೆನಾ? ಇಲ್ಲ. ಕೈಯಲ್ಲೇ ತಿನ್ನಬೇಕು, ಚಮಚ ಮುಟ್ಟಲೇಬಾರದು ಅನ್ನುವ ಪಂಗಡ ಒಂದಿದೆ, ನನಗೆ ಅಷ್ಟು ಹಟ ಇಲ್ಲ. ಮೊದಲು ಕೈಗೆ, ಕೊನೆಗೆ ನಾಲ್ಕು ಚಮಚ ನಾನು. ದಿನಗಳೆದಂತೆ ನನ್ನ ಪಾಲು ತಾನಾಗಿ ಕಮ್ಮಿಯಾಯ್ತು. ಎಷ್ಟು ತಿಂದಳು ಅಂತ ಲೆಕ್ಕ ಇಡುವುದನ್ನು ಬಿಡಲು ಮಾತ್ರ ನನಗೆ ತಿಂಗಳು ಬೇಕಾಯ್ತು. ಊಟ ಆದ ಮೇಲೆ ನೆಲದ ಮೇಲಿನದ್ದು, ಬಿಬ್‌ನ ಜೇಬಿನದ್ದು, ತೊಡೆಸಂದಿನದ್ದು ಎಲ್ಲ ಸೇರಿಸಿ ನೋಡುತ್ತಿದ್ದೆ. ಕೊಟ್ಟಿದ್ದಕ್ಕಿಂತ ಜಾಸ್ತಿಯೇ ಇರುತ್ತಿತ್ತೇನೋ! ಹಾಲು ಹೇಗೂ ಇತ್ತು, ತೂಕ ಏರುತ್ತಿತ್ತು, ಅಷ್ಟು ಸಾಕಿತ್ತು.

ಡಯಾಪರ್ ಬಗ್ಗೆ ಒಂದು ಮಾತು, ಯಾರೂ ಮೊದಲೇ ಹೇಳುವುದಿಲ್ಲ. ಬಾಳೆಹಣ್ಣು ತಿಂದ ಮರುದಿನ ಕಪ್ಪು ದಾರದಂಥವು ಕಂಡವು. ಹುಳು ಅಂತ ಗಾಬರಿಯಾಗಿ ಫೋಟೋ ತೆಗೆದುಕೊಂಡೆ. ಅವು ಬಾಳೆಹಣ್ಣಿನ ನಡುವಿನ ನಾರುಗಳು, ಅಷ್ಟೇ. ಬಟಾಣಿ ಸಿಪ್ಪೆ ಹಾಗೇ ಬರುತ್ತದೆ, ಬೀಟ್‌ರೂಟ್ ಕೆಂಪಗೆ ಬರುತ್ತದೆ.

9 ತಿಂಗಳು ದಾಟಿದ ಮೇಲೆ ಒಂದು ಬೆಳಿಗ್ಗೆ ತಟ್ಟೆಯಲ್ಲಿ ಬಿದ್ದಿದ್ದ ಬ್ರೆಡ್ಡಿನ ಚೂರನ್ನು ಹೆಬ್ಬೆರಳು, ತೋರುಬೆರಳಲ್ಲಿ ಚಿಟಿಕೆ ಹಿಡಿದು ಎತ್ತಿದಳು. ಅವತ್ತಿನಿಂದ ಗಾತ್ರವೂ ತಿರುಗಿತು. ಉದ್ದ ಕಡ್ಡಿಯ ಬದಲು ಬಟಾಣಿಯಷ್ಟು ತುಂಡು, ಒಂದು ಸಲಕ್ಕೆ ಮೂರೋ ನಾಲ್ಕೋ. ಒಟ್ಟಿಗೆ ಸುರಿದರೆ ಎಲ್ಲವನ್ನೂ ಬಾಯಿಗೆ ತುರುಕಿಕೊಳ್ಳುತ್ತಿದ್ದಳು, ಇಲ್ಲವೇ ಒಂದೇ ಏಟಿಗೆ ಕೆಳಗೆ ತಳ್ಳುತ್ತಿದ್ದಳು.

ಹನ್ನೊಂದನೇ ತಿಂಗಳಲ್ಲಿ ಆ ಹಳೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದೆ. ನುಣ್ಣಗಿನ ಕ್ಯಾರೆಟ್, ಒಳಗೆ ಆಲೂಗಡ್ಡೆ ಚೂರು. ಈ ಸಲ ಚಮಚ ಅವಳ ಕೈಯಲ್ಲೇ. ಮೊದಲ ತುತ್ತಿಗೆ ನಿಂತಳು. ಕೆನ್ನೆ ಒಂದು ಕಡೆ ಉಬ್ಬಿತು, ನಾಲಿಗೆ ಚೂರನ್ನು ಆ ಬದಿಗೆ ತಳ್ಳಿತ್ತು. ಎರಡು ಸಲ ಅಗಿದಳು, ನುಂಗಿದಳು, ಚಮಚವನ್ನು ಮತ್ತೆ ಬಟ್ಟಲಿಗೆ ಇಳಿಸಿದಳು, ತಲೆಕೆಳಗಾಗಿ. ಕುಂಬಳಕಾಯಿಯನ್ನು ಮಾತ್ರ ಇವತ್ತಿಗೂ ನೆಲಕ್ಕೇ ಹಾಕುತ್ತಾಳೆ.